ಆಚಾರ್ರು ನೋಡದೆ ಮೆಚ್ಚಿದ ಇಕ್ಕಳ

ಇವತ್ತು ಬೆಳಿಗ್ಗೆ ಹೆಂಡತಿ ಒಗ್ಗರಣೆಗೆಂದು ಕಬ್ಬಿಣದ ಸೌಟನ್ನು ಒಲೆಯ ಮೇಲಿಟ್ಟು ಫೋನಿಗೆ ಹೋದಳು. ಬರಿಗಬ್ಬಿಣ ಕಾದ ವಾಸನೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯನ್ನೆಲ್ಲ ತುಂಬಿತು. ಬೇರೆ ಯಾರಾದರೂ ಆಗಿದ್ದರೆ ಗ್ಯಾಸ್ ಆರಿಸುತ್ತಿದ್ದರು. ನಾನು ಮೂಗರಳಿಸಿ ನಿಂತುಬಿಟ್ಟೆ. ಆ ವಾಸನೆ ಬಂದರೆ ನನಗೆ ಬದಲಾಪುರದ ಶೀನ ಆಚಾರ್ರ ನೆನಪಾಗುತ್ತದೆ, ಏನು ಮಾಡಲಿ!

ನಾನು ತುರ್ಭೆಯ ಕಾರ್ಖಾನೆಯೊಂದರಲ್ಲಿ ಫೈಲು ತಿರುವುವವನು. ಐವತ್ತು ದಾಟುವಾಗ ಕೆಲವರಿಗೆ ಯೋಗ ಹಿಡಿಯುತ್ತದೆ, ಕೆಲವರಿಗೆ ದೇವರು. ನನಗೆ ಕಮ್ಮಾರಿಕೆ ಹಿಡಿಯಿತು. ಮೊಬೈಲಿನಲ್ಲಿ ನೋಡಿ ನೋಡಿ ಚರ್ಮದ ಏಪ್ರನ್, ಮೂರು ಬಗೆಯ ಸುತ್ತಿಗೆ, ಕನ್ನಡಕ, ಕೈಗವಸು ಎಲ್ಲ ತರಿಸಿದೆ. ಬಡಿಯಲು ಮಾತ್ರ ಜಾಗವಿಲ್ಲ. ಸೊಸೈಟಿಯ ಟೆರೇಸಿನಲ್ಲಿ ಬೆಂಕಿ ಹಾಕಿದ್ದರೆ ಸೆಕ್ರೆಟರಿ ನನ್ನನ್ನೇ ಬಡಿಯುತ್ತಿದ್ದ. ನಮ್ಮ ಕಾರ್ಖಾನೆಯಿಂದ ನಿವೃತ್ತರಾದ, ಕಾರ್ಕಳ ಕಡೆಯ ಶೀನ ಆಚಾರ್ರು ಬದಲಾಪುರದ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಕುಲುಮೆ ಇಟ್ಟುಕೊಂಡಿದ್ದಾರೆಂದು ತಿಳಿದದ್ದೇ ತಡ, ಒಂದು ಭಾನುವಾರ ಅಷ್ಟನ್ನೂ ಹೊತ್ತು ಲೋಕಲ್ ರೈಲು ಹತ್ತಿದೆ.

ಆಚಾರ್ರು ಒಂದೊಂದನ್ನೂ ಕೈಯಿಂದ ಸವರಿ ನಕ್ಕರು. "ಇದೆಂತ ಮಾರಾಯ್ರೆ, ಮದುಮಗನ ಸಾಮಾನಿನ ಹಾಗೆ ಉಂಟು! ಒಂದು ಸುತ್ತಿಗೆ ಸಾಕು. ಇಟ್ಟು ಬಡಿಯುವ ಅಡಿಗಲ್ಲಿಗೆ ಗುಜರಿ ಭಂಗಾರ್‌ವಾಲಾನ ಹತ್ರ ದಪ್ಪ ಕಬ್ಬಿಣದ ತುಂಡು ಸಿಗ್ತದೆ. ಇಕ್ಕಳ ಮಾತ್ರ ತರ್ಲಿಕ್ಕಿಲ್ಲ, ನೀವೇ ಮಾಡ್ಬೇಕು."

ನೀವೂ ಈ ಹುಚ್ಚಿಗೆ ಬೀಳುವವರಾದರೆ ಕೇಳಿ. ನೈಲಾನ್ ಅಂಗಿ ಬೇಡ, ಹತ್ತಿಯದೇ ಇರಲಿ. ಸತು ಬಳಿದ ಪೈಪನ್ನು ಬೆಂಕಿಗೆ ಹಾಕಬೇಡಿ, ಆ ಹೊಗೆ ಎದೆಗೆ ಕೆಟ್ಟದ್ದು. ಕಪ್ಪಗಿದೆ, ಆರಿದೆ ಎಂದು ಕಬ್ಬಿಣ ಮುಟ್ಟಬೇಡಿ. ನಂಬದಿದ್ದರೆ ನನ್ನ ಎಡ ಹೆಬ್ಬೆರಳು ತೋರಿಸುತ್ತೇನೆ. ಕುಲುಮೆ ನೆರಳಿನಲ್ಲಿರಲಿ, ಬಿಸಿಲಲ್ಲಿ ಬಣ್ಣ ತಿಳಿಯುವುದಿಲ್ಲ. ಆಚಾರ್ರ ಪ್ರಕಾರ ಕಾಯುವ ಕಬ್ಬಿಣ ಮೊದಲು ಪುನರ್ಪುಳಿ ಹಣ್ಣಿನ ಕಡುಗೆಂಪು, ಆಮೇಲೆ ಗೇರುಹಣ್ಣಿನ ಕೆಂಪು, ಆಮೇಲೆ ಹಲಸಿನ ತೊಳೆಯ ಹಳದಿ. ನೀರಿಗೆ ಅದ್ದಿ ಗಟ್ಟಿ ಮಾಡುವುದಿದ್ದರೆ ಗೇರುಹಣ್ಣಿನಲ್ಲೇ ಅದ್ದಬೇಕು. ತೊಳೆಯಾದ ಮೇಲೆ ಅದ್ದಿದರೆ ಒಡೆಯುತ್ತದೆ.

"ಬಣ್ಣ ಎಂತ?" ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು. ಶಿಷ್ಯನ ಪರೀಕ್ಷೆ ಎಂದುಕೊಂಡು ನಾನು ಮೊದಲನೇ ಬೆಂಚಿನ ಹುಡುಗನಂತೆ ಕೂಗುತ್ತಿದ್ದೆ. ನಾಲ್ಕನೇ ಭಾನುವಾರ ನನ್ನ ಇಕ್ಕಳ ಮುಗಿಯಿತು. ಬಿಸಿಯಾಗಿತ್ತು; ಅವರು ದೂರದಿಂದಲೇ ಅತ್ತ ತಿರುಗಿ "ಲಾಯ್ಕುಂಟು! ನಿಮ್ಮ ಕೈಯಲ್ಲಿ ವಿದ್ಯೆ ಉಂಟು" ಎಂದರು. ಅವತ್ತೇ ಮನೆಗೆ ತಂದು ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದೆ.

ಮತ್ತೊಂದು ಭಾನುವಾರ ಆಚಾರ್ರು ಖಾರಘರದ ಮಗಳಿಗಾಗಿ ತೆಂಗಿನಕಾಯಿ ತುರಿಯುವ ಹೆರೆಮಣೆಯ ಹಲ್ಲು ಮಾಡುತ್ತಿದ್ದರು. ಬಡಿದು, ತಿದ್ದಿ, ಕೊನೆಯ ಸಲ ಕಾಯಿಸಿದರು. "ಬಣ್ಣ ಎಂತ?" ನಾನು ಮೊಬೈಲಿನಲ್ಲಿ ವಾಪಸಿನ ರೈಲು ಹುಡುಕುತ್ತಿದ್ದೆ. ತಲೆಯೆತ್ತದೆ "ಗೇರುಹಣ್ಣು" ಎಂದೆ. ಅವರು ನೀರಿಗೆ ಅದ್ದಿದರು. ಟಿಣ್ ಎಂದಿತು. ಹಲ್ಲು ಎರಡು ತುಂಡು.

"ನೀವಾದರೂ ನೋಡಬಾರದಿತ್ತಾ ಆಚಾರ್ರೆ?" ಎಂದೆ, ತಪ್ಪು ನನ್ನದಾದರೂ.

ಅವರು ತುಂಡುಗಳನ್ನು ತಡಕಿ ಎತ್ತಿಕೊಂಡರು. "ಕಾಣೂದಿಲ್ಲ ಮಾರಾಯ್ರೆ. ಎರಡು ವರ್ಷ ಆಯ್ತು. ಗೇರುಹಣ್ಣೂ ತೊಳೆಯೂ ನಂಗೆ ಒಂದೇ. ಮಗಳಿಗೆ ಹೇಳ್ಬೇಡಿ. ಶೆಡ್ಡಿಗೆ ಬೀಗ ಹಾಕಿ ಅವಳ ಹತ್ತನೇ ಮಾಳಿಗೆಯ ಮನೆಯಲ್ಲಿ ಕೂರಿಸ್ತಾಳೆ. ಅಲ್ಲಿ ನಾನೆಂತ ಮಾಡ್ಲಿ, ಲಿಫ್ಟ್ ಎಣಿಸ್ಲಾ?"

ನನಗೆ ಕಣ್ಣು ತುಂಬಿ ಬಂತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ರೈಲು ಕಲ್ಯಾಣ ತಲುಪುವ ಮೊದಲೇ ಅವರ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕುರುಡುಗಣ್ಣಲ್ಲಿ ಬೆಂಕಿಯ ಮುಂದೆ ನಿಲ್ಲುವವರನ್ನು ಹೇಗೆ ಬಿಟ್ಟು ಬರಲಿ, ನೀವೇ ಹೇಳಿ.

ಮರುದಿನವೇ ಅವಳು ಬಂದು "ಪಪ್ಪಾ, ಅಬ್ ಬಸ್! ಶೆಡ್ ಬಂದ್" ಎಂದಳಂತೆ. ನಾನು ಮತ್ತೆ ಅವಳಿಗೆ ಫೋನ್ ಮಾಡಿ ಬೇಡಿಕೊಂಡೆ: ಮೋತಿಬಿಂದು, ಕಣ್ಣಿನ ಪೊರೆ ತಾನೇ, ಆಪರೇಷನ್ ಆಗಲಿ, ಆಮೇಲೂ ಕಾಣದಿದ್ದರೆ ಬೀಗ ಹಾಕು. ಅವಳು ಒಪ್ಪಿದಳು. ಆಚಾರ್ರು ಕಲ್ಯಾಣದ ಆಸ್ಪತ್ರೆಗೆ ಹೋದರು, ಆದರೆ ನನ್ನೊಡನೆ ಮಾತು ಬಿಟ್ಟರು. ನನ್ನ ಭಾನುವಾರಗಳು ಸಪ್ಪೆಯಾದವು.

ಎರಡು ತಿಂಗಳ ಮೇಲೆ ಆಚಾರ್ರ ಫೋನ್ ಬಂತು. "ಮಾತು ಮುರಿದ ಮಹಾನುಭಾವರೇ, ನಿಮ್ಮ ಇಕ್ಕಳ ಹಿಡ್ಕೊಂಡು ಬನ್ನಿ."

ಹೋದೆ. ಇಕ್ಕಳವನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. "ರಾಮ ರಾಮ! ಇದನ್ನಾ ನಾನು ಲಾಯ್ಕುಂಟು ಹೇಳಿದ್ದು? ಒಂದು ದವಡೆ ಇತ್ತ ಕಲ್ಯಾಣಕ್ಕೆ ಹೊರಟಿದೆ, ಇನ್ನೊಂದು ಅತ್ತ ಕರ್ಜತ್‌ಗೆ!" ಅದನ್ನು ತಾವೇ ಕೆಂಡಕ್ಕಿಟ್ಟರು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ.

"ಹೇಳ್ಬೇಡಿ," ಎಂದರು ಆಚಾರ್ರು. "ನಂಗೆ ಕಾಣ್ತದೆ."

ಇತ್ತ ಇವತ್ತು ನಮ್ಮ ಅಡುಗೆಮನೆಯಲ್ಲಿ, "ಎಂತ ನೋಡ್ತಾ ನಿಂತಿದ್ದೀರಿ? ಸೌಟು ಸುಡ್ತಾ ಉಂಟು!" ಹೆಂಡತಿ ಓಡಿ ಬಂದಳು. ಸೌಟಿನ ಅಂಚು ಪುನರ್ಪುಳಿಗೆ ತಿರುಗುತ್ತಿತ್ತು. ಗ್ಯಾಸ್ ಆರಿಸಿ ಚೀಲ ಹೆಗಲಿಗೇರಿಸಿದೆ. ಈಗ ಅದರಲ್ಲಿ ಒಂದು ಸುತ್ತಿಗೆ, ಒಂದು ಇಕ್ಕಳ ಅಷ್ಟೇ. ಇವತ್ತು ಭಾನುವಾರ. ದವಡೆಗಳು ಇನ್ನೂ ಸರಿಯಾಗಿ ಕೂಡಿಲ್ಲ, ಮತ್ತೆ ಆಚಾರ್ರ ಬೈಗುಳ ತಿನ್ನಬೇಕು. ಅವರು ಕಣ್ಣಾರೆ ನೋಡಿ ಬೈಯುತ್ತಾರೆ. ನನಗೆ ಅಷ್ಟು ಸಾಕು.