ದ್ವೀಪದ ಗಾಳಿಗೆ ಮೊರಬದ ಬಟ್ಟಲು

ಬೆಳಗಿನ ಐದೂಮುಕ್ಕಾಲು. ಮೊರಬ ಊರಿನ ಕರಿಮಣ್ಣಿನ ಎರಿ ಹೊಲದಲ್ಲಿ ಇಪ್ಪತ್ತು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಕೆಳಗೆ ಮಹಾನಂದಾ ಕುರಹಟ್ಟಿ ಕಣ್ಣು ಮುಚ್ಚಿ ನಿಂತಿದ್ದಾರೆ. ಮೇಲಿನ ಅಡ್ಡಪಟ್ಟಿಯ ಮೇಲೆ ಹನ್ನೊಂದು ಗಾಳಿಮಾಪಕಗಳು ಸಾಲಾಗಿ ಕೂತಿವೆ. ಒಂದೊಂದಕ್ಕೂ ಮೂರು ಕರಿ ಬಟ್ಟಲು. ಮೂಡಗಾಳಿಗೆ ಅವು ಮೆಲ್ಲಗೆ ತಿರುಗುತ್ತಿವೆ.

“ಬೇರಿಂಗ್ ಕೆಟ್ಟಿದ್ರ ಅಂಕಿಗಿಂತ ಮೊದ್ಲ ಕಿವಿಗೆ ಗೊತ್ತಾಕ್ಕೈತ್ರಿ” ಎನ್ನುತ್ತಾ ಸೀರೆಯ ಮೇಲೆ ತೊಟ್ಟ ಗಂಡನ ಹಳೆಯ ಅಂಗಿಯ ತೋಳು ಮಡಚಿ ಏಣಿ ಹತ್ತುತ್ತಾರೆ.

ಸಾಲಿನ ನಡುವಿನ ಮಾಪಕ ಎಲ್ಲಕ್ಕೂ ಅಳತೆಗೋಲು. ಅದು ಇಲ್ಲಿಂದ ಕದಲುವುದಿಲ್ಲ. ಉಳಿದ ಹತ್ತು ಅರಬ್ಬಿ ಸಮುದ್ರದ ದ್ವೀಪಗಳಿಗೆ ಹೋಗುತ್ತವೆ. ಡೀಸೆಲ್ ಸುಟ್ಟು ದೀಪ ಉರಿಸುವ ಆ ದ್ವೀಪಗಳ ಸುತ್ತಲಿನ ಕಡಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದರೆ ಎಷ್ಟು ವಿದ್ಯುತ್ ಸಿಕ್ಕೀತು ಎಂದು ಹುಬ್ಬಳ್ಳಿಯ ಖಾಸಗಿ ಸಂಸ್ಥೆಯೊಂದು ಅಂದಾಜು ಮಾಡುತ್ತಿದೆ. ದ್ವೀಪದ ಕಂಬಕ್ಕೇರಿದ ಮಾಪಕವನ್ನು ಮಳೆಗಾಲದ ನಾಲ್ಕು ತಿಂಗಳು ಯಾರೂ ಮುಟ್ಟಲಾಗದು. ಹಾಗಾಗಿ ಹೊರಡುವ ಮೊದಲೇ, ಗಿಡಮರಗಳ ಅಡ್ಡಿಯಿಲ್ಲದ ಈ ಬಯಲಿನಲ್ಲಿ ಅವನ್ನು ಅಕ್ಕಪಕ್ಕ ತಿರುಗಲು ಬಿಟ್ಟು ತಾಳೆ ನೋಡುತ್ತಾರೆ. ಹನ್ನೊಂದು ವರ್ಷಗಳಿಂದ ಆ ತಾಳೆಯ ಕೆಲಸ ಮಹಾನಂದಾ ಅವರದು.

ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಗ ಮದುವೆಯಾಗಿ ಈ ಊರಿಗೆ ಬಂದವರು. ಈಗ ನಲವತ್ತೊಂದರ ವಯಸ್ಸು. ಚೌಕಟ್ಟಿನ ಬುಡದ ಪೆಟ್ಟಿಗೆಯೊಳಗಿನ ಯಂತ್ರ ಹತ್ತು ನಿಮಿಷಕ್ಕೊಮ್ಮೆ ತಾನೇ ಅಂಕಿ ಬರೆದುಕೊಂಡರೂ ದಿನಕ್ಕೆ ಮೂರು ಸಲ ಹನ್ನೊಂದೂ ಮಾಪಕಗಳ ವೇಗ, ಜೊತೆಗೆ ಗಾಳಿಯ ದಿಕ್ಕು ಇವರ ಪುಸ್ತಕಕ್ಕೆ ಇಳಿಯಬೇಕು. ಏಪ್ರಿಲ್ ಬಿಸಿಲಿಗೆ ಏಣಿಯ ಕಬ್ಬಿಣ ಅಂಗೈ ಸುಡುತ್ತದೆ. ಇಲ್ಲಿಯವರೆಗೆ ಇನ್ನೂರ ಹದಿನಾಲ್ಕು ಮಾಪಕಗಳು ಇವರ ಸಹಿಯೊಂದಿಗೆ ಹೊರಟುಹೋಗಿವೆ. “ಮೊದಮೊದಲ ಬಸ್ಸಿನಾಗಿನ ಮಂದಿ ಕುತಗಿ ಹೊರಗ ಹಾಕಿ ನೋಡ್ತಿದ್ರು. ಈಗ ಗಾಳಿ ಯಾವಾಗ ಬರತೈತಿ, ರಾಶಿ ತೂರೂಣೇನು ಅಂತ ನನ್ನ ಕೇಳ್ತಾರ.”

ಇಂದಿನ ಬೆಳಗು ಮಾತ್ರ ಹಗುರವಾದುದಲ್ಲ. ಈ ಹತ್ತರ ಪರೀಕ್ಷೆ ಎರಡನೇ ಬಾರಿಯದು, ಇವತ್ತೇ ಕೊನೆಯ ದಿನ. ಮೇ ಹತ್ತಕ್ಕೆ ಹೊರಡುವ ದೋಣಿ ತಪ್ಪಿದರೆ ಒಂದು ಮಳೆಗಾಲದ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಈ ಕೆಲಸವನ್ನೇ ದೂರದ ಊರಿನ ಪ್ರಯೋಗಾಲಯಕ್ಕೆ ಒಯ್ಯುವ ಮಾತೂ ಕಚೇರಿಯಲ್ಲಿ ನಡೆದಿದೆ.

ಆದದ್ದಿಷ್ಟು. ಮಾರ್ಚ್‌ನಲ್ಲಿ ಮಾವ ಮಡಿವಾಳೆಪ್ಪ ಜೋಳದ ಕಣಕಿಯ, ಅಂದರೆ ಒಣ ದಂಟಿನ, ಬಣವೆ ಒಟ್ಟಲು ಜಾಗ ಹುಡುಕುತ್ತಿದ್ದಾಗ, ನೀರು ನಿಲ್ಲದ ದಿಬ್ಬವೊಂದನ್ನು ತೋರಿಸಿದವರು ಮಹಾನಂದಾ. ಅದು ಚೌಕಟ್ಟಿನ ತೆಂಕಣ ತುದಿಯಿಂದ ಪಡುವಣಕ್ಕೆ ಅರವತ್ತು ಅಡಿ ದೂರದಲ್ಲಿತ್ತು. ಹದಿನಾಲ್ಕು ಅಡಿಯ ಬಣವೆ ಎದ್ದಿತು. ಇಪ್ಪತ್ತೆರಡನೇ ದಿನ ಪುಸ್ತಕ ತಿರುವುವಾಗ ಅವರಿಗೆ ಹೊಳೆಯಿತು: ಬೆಳಗಿನ ಮೂಡಗಾಳಿಗೆ ಹತ್ತೂ ಮಾಪಕ ಸಮ; ಮಧ್ಯಾಹ್ನದ ಪಡುಗಾಳಿಗೆ ತೆಂಕಣ ತುದಿಯ ಮೂರು ಹಿಂದೆ. ಮಾಪಕ ಕೆಟ್ಟಿರಲಿಲ್ಲ, ಕಾರಣ ಬಣವೆಯ ಮರೆ.

ದಿನದ ಸರಾಸರಿಯಲ್ಲಿ ವ್ಯತ್ಯಾಸ ಶೇಕಡಾ ನಾಲ್ಕು. ಐದರೊಳಗಿದ್ದರೆ ತಿದ್ದುಪಡಿ ಸೇರಿಸಿ ಕಳಿಸುವುದು ಕಚೇರಿಯ ನಿಯಮ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸರಿಯಿದ್ದ ಮಾಪಕಕ್ಕೆ ಆ ತಿದ್ದುಪಡಿ ಕೂಡಿಸಿದರೆ ದ್ವೀಪದಲ್ಲಿ ಅದು ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಗಾಳಿಯ ಶಕ್ತಿಯೋ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗದಲ್ಲಿ ನೂರಕ್ಕೆ ನಾಲ್ಕು ಹೆಚ್ಚು ಬರೆದರೆ ಶಕ್ತಿಯಲ್ಲಿ ಹನ್ನೆರಡೂವರೆ ಹೆಚ್ಚಾಗುತ್ತದೆ. “ಇಲ್ಲದ ಗಾಳಿ ನಂಬಿ ಸಮುದ್ರದಾಗ ಕಂಬಾ ನೆಡ್ತಿದ್ರು. ಅದೂ ನನ್ನ ಸಹಿ ಮ್ಯಾಲೆ.” ಇಪ್ಪತ್ತೆರಡು ದಿನಗಳ ಅಂಕಿಗಳಿಗೆ ಅಡ್ಡಗೆರೆ ಎಳೆದು, ‘ಬಣವೆಗೆ ಜಾಗ ತೋರಿಸಿದ್ದು ನಾನು’ ಎಂದು ಬರೆದು ಅವರು ಕಚೇರಿಗೆ ಕಳಿಸಿದರು.

ಮನೆಯಲ್ಲಿ ಇನ್ನೊಂದು ತಕರಾರು ಎದ್ದಿತು. ಒಟ್ಟಿ, ಪೂಜಿಸಿ, ಕಾಯಿ ಒಡೆದ ಬಣವೆಯನ್ನು ಮಳೆ ಬೀಳುವ ತನಕ ಕದಲಿಸುವ ಪದ್ಧತಿ ಈ ಮನೆತನದಲ್ಲಿಲ್ಲ.

“ನಿನ್ನ ಬಟ್ಟಲಾ ಸರಸು. ನನ್ನ ಬಣವಿ ತಂಟೆಕ ಬರಬ್ಯಾಡ” ಎಂದರು ಮಡಿವಾಳೆಪ್ಪ.

“ಬಟ್ಟಲಾ ಕಾಂಕ್ರೀಟಿನಾಗ ನಿಂತಾವ್ರಿ ಮಾವಾರ. ಬಣವಿಗೇನು ಬೇರು ಬಂದಾವೇನ್ರಿ?”

“ಜಾಗಾ ತೋರಿಸಿದಾಕಿ ಯಾರು ಮತ್ತ?”

“ನಾನರಿ. ಅದಕ್ಕ ಮೊದಲನೇ ಸಿವುಡು ನಾನ ಹೊರ್ತೀನಿ.”

ಕಣಕಿಯ ಮೊದಲ ಕಟ್ಟು ಹೊತ್ತು ಅವರು ನಡೆದರು. ಹತ್ತನೆಯದಕ್ಕೆ ಮುದುಕರೇ ಬಂದು ಕೈಹಚ್ಚಿದರು. ಎರಡು ದಿನಕ್ಕೆ ಬಣವೆ ಹೊಲದ ಬಡಗಣ ಮೂಲೆ ಸೇರಿತು. ಅಲ್ಲಿ ಇನ್ನೊಂದು ಕಾಯಿ ಒಡೆದ ಮಡಿವಾಳೆಪ್ಪ, “ಗಾಳಿ ಹೆಸರಲೆ ಒಂದು ಕಾಯಿ ಹೋತು” ಎಂದು ಗೊಣಗಿದರಂತೆ.

ಈಗ ಏಳೂವರೆ. ಸಂಸ್ಥೆಯ ಎಂಜಿನಿಯರ್ ಸಾಧಿಕ್ ಜೀಪಿನಿಂದಿಳಿದು ಪೆಟ್ಟಿಗೆಯ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾರೆ. ಮಹಾನಂದಾ ತಮ್ಮ ಪುಸ್ತಕ ಬಿಚ್ಚಿ ಹದಿನೈದು ಮಧ್ಯಾಹ್ನಗಳ ಪಡುಗಾಳಿಯನ್ನೇ ಮೊದಲು ಓದುತ್ತಾರೆ. ತೆಂಕಣ ತುದಿಯ ಆ ಮೂರರ ವ್ಯತ್ಯಾಸ ಶೇಕಡಾ ಅರ್ಧಕ್ಕೂ ಕಡಿಮೆ. ಪೆಟ್ಟಿಗೆಯ ಲೆಕ್ಕವೂ ಅದನ್ನೇ ಹೇಳುತ್ತದೆ.

“ಹತ್ತೂ ಪಾಸ್ ಅಕ್ಕಾರ. ದೋಣಿ ಸಿಗತೈತಿ” ಎನ್ನುತ್ತಾರೆ ಸಾಧಿಕ್. “ಮುಂದಿನ ಹತ್ತೂ ಇಲ್ಲಿಗೇ ಕಳಸ್ರಿ ಅಂದಾರ ಸಾಹೇಬ್ರು. ಮಾವಾರಿಗೆ ಹೇಳ್ರಿ, ಅವರ ಬಣವಿ ವರದಿಯೊಳಗ ಬಂದೈತಿ.”

“ನನ್ನ ಹೆಸರು ಬಂದೈತೇನ?” ಬದುವಿನ ಮೇಲಿಂದ ಮಡಿವಾಳೆಪ್ಪ ಕೇಳುತ್ತಾರೆ.

“ಇಲ್ರಿ ಕಾಕಾ, ಬರೇ ಬಣವಿ.”

“ಹಂಗಾರ ಅದಕ್ಕ ಚಾ ಕುಡಸು ಹೋಗು.”

ಮಹಾನಂದಾ ನಗುತ್ತಲೇ ಒಂದೊಂದು ಮಾಪಕವನ್ನೂ ಕೆಳಗಿಳಿಸಿ, ಬಟ್ಟಲುಗಳ ದೂಳು ಒರೆಸಿ, ಹಳೆಯ ಮೆತ್ತನೆಯ ಸೀರೆತುಂಡಿನಲ್ಲಿ ಸುತ್ತಿ ಸಾಗಿಸುವ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸಮುದ್ರ ನೋಡುವ ಆಸೆಯಿಲ್ಲವೇ ಎಂದು ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾರೆ:

“ಅದಿರ್ಲಿ ಬಿಡ್ರಿ. ವರ್ಷ ಬಿಟ್ಟು ಇವು ತಿರುಗಿ ಬಂದಾಗ ಬ್ಯಾರೆ ಕಡೆ ಒಯ್ಯಬ್ಯಾಡ್ರಿ, ಇದ ಚೌಕಟ್ಟಿಗೆ ಏರಿಸ್ರಿ ಅಂದೀನಿ. ಉಪ್ಪಿನ ಗಾಳಿ ಎಷ್ಟು ತಿಂದೈತಿ ಅಂತ ನಾನ ನೋಡಬೇಕು. ಹೋಗೂ ಮುಂದ ಅವು ಹೆಂಗ ತಿರುಗ್ತಿದ್ವು ಅನ್ನೂದು ನನ್ನ ಕಿವ್ಯಾಗ ಐತಿ.”