ವೈನಿಗೆ ಓದಿ ಹೇಳದ ಸಾಲು

ನಿಮಗೆ ಯಾವ ಇಂಜೆಕ್ಷನ್ನಿನಿಂದಲೂ ಎಂದೂ ಉಸಿರು ಕಟ್ಟಿರಲಿಲ್ಲ, ವೈನಿ. ಕಟ್ಟಿತ್ತು ಎಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದವಳು ನಾನು.

ಭಾಲ್ಕಿ ಸುತ್ತಲಿನ ಬಾವಿಗಳು ಬತ್ತಿ, ಸಾಯಗಾಂವದ ಅರ್ಧ ಊರು ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋದ ವರ್ಷವದು. ನಿಮ್ಮ ಗಂಡ, ನನ್ನ ಅಣ್ಣ, ಮೊದಲೇ ಹೋಗಿದ್ದ. ನೀವೂ ಹೊರಟಿದ್ದಿರಿ. ಆದರೆ ಹಿಂದಿನ ವರ್ಷ ನಿಮ್ಮ ಎದೆಯ ಗಡ್ಡೆ ತೆಗೆದಿದ್ದ ಡಾಕ್ಟರು ಕಂಕುಳು ಮುಟ್ಟಿ ನೋಡಿ ಸ್ಕ್ಯಾನಿಗೆ ಬರೆದುಕೊಟ್ಟರು. ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಬಿಟ್ಟು ಸ್ಕ್ಯಾನ್ ಮಾಡಿದರೆ, ಕ್ಯಾನ್ಸರ್ ಅಲ್ಲಿಯ ಗಂಟುಗಳಿಗೆ ಹಬ್ಬಿದೆಯೋ ಇಲ್ಲವೋ ಚೆನ್ನಾಗಿ ಕಾಣುತ್ತದೆ ಎಂದರು. ಬೀದರದಲ್ಲಿ ಓದುತ್ತಿದ್ದ ನಾನು ಜೊತೆಗೆ ಬಂದೆ — ನಿಮ್ಮ ಕಾಗದಗಳನ್ನೆಲ್ಲ ಓದಿ ಹೇಳುವವಳು ನಾನೇ ಅಲ್ಲವೇ.

ನೀವು ಸೀರೆ ಬದಲಿಸಲು ಪಕ್ಕದ ಕೋಣೆಗೆ ಹೋಗಿದ್ದಿರಿ. ಅಷ್ಟರಲ್ಲಿ ಔರಾದ ಕಡೆಯ ಹೆಂಗಸೊಬ್ಬಳನ್ನು ಸ್ಕ್ಯಾನ್ ಕೋಣೆಯಿಂದ ಹೊರಗೆ ತಂದರು. ಅದೇ ಔಷಧಿ. ತುಟಿ ಬಾತು, ಉಸಿರು ಸಿಗದೆ, ಆಕೆ ಸ್ಟ್ರೆಚರಿನ ಕಂಬಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆ ಸದ್ದು — ಈಗಲೂ... ಅದೇ ಹೊತ್ತಿಗೆ ಅಲ್ಲಿಯ ಸಿಬ್ಬಂದಿ ನನ್ನ ಮುಂದೆ ಸಹಿಯ ಕಾಗದ ಹಿಡಿದ. ಜೀವಕ್ಕೆ ಅಪಾಯವಾಗಬಹುದು, ಒಪ್ಪಿಗೆ ಇದೆ ಎಂದು ಅದರಲ್ಲಿತ್ತು.

“ಇವರಿಗೆ ಹಿಂದ ಯಾವುದರೆ ಇಂಜೆಕ್ಷನ್ನಿಗೆ ಮೈ ಬಾತಿತ್ತೇನ್ರಿ?”

“ಹೌದ್ರಿ,” ಅಂದೆ. “ಒಮ್ಮೆ ಉಸಿರೇ ಕಟ್ಟಿತ್ರಿ.”

ಬಾಯಿಂದ ಬಂದುಬಿಟ್ಟಿತು. ಆತ ಬರೆದುಕೊಂಡ. ಔಷಧಿಯಿಲ್ಲದೆ ಸ್ಕ್ಯಾನ್ ಆಯಿತು. ಸಂಜೆ ರಿಪೋರ್ಟ್ ತರಲು ಹೋದಾಗ ಔರಾದದ ಆ ಹೆಂಗಸು ಎದ್ದು ಕುಳಿತು ಬಿಸ್ಕೀಟು ತಿನ್ನುತ್ತಿದ್ದಳು. ಆಗಲಾದರೂ ನಿಜ ಹೇಳಬಹುದಿತ್ತು.

ರಿಪೋರ್ಟಿನ ಕೊನೆಗೆ ಬರೆದಿತ್ತು: ಕಾಂಟ್ರಾಸ್ಟ್ ಕೊಡದ ಕಾರಣ ಕಂಕುಳಿನ ಗಂಟುಗಳ ಬಗ್ಗೆ ಖಚಿತವಾಗಿ ಹೇಳಲಾಗದು, ಬೇರೆ ಪರೀಕ್ಷೆ ಮಾಡಿಸಬೇಕು.

“ಏನ್ ಬರದಾರವ್ವಾ ಶೈಲಾ?” ಬಸ್ ಸ್ಟ್ಯಾಂಡಿನಲ್ಲಿ ನೀವು ಕೇಳಿದಿರಿ.

“ಏನೂ ಇಲ್ರಿ ವೈನಿ. ಡಾಕ್ಟರಿಗೂ ತೋರಿಸಿ ಬಂದೀನಿ. ಎಲ್ಲಾ ಸಾಫ್ ಅದ.”

ಮೊದಲನೆಯ ಸುಳ್ಳು ಹೆದರಿಕೆಯಿಂದ ಬಂದದ್ದು. ಎರಡನೆಯದು — ಮೊದಲನೆಯದು ಹೊರಬೀಳಬಾರದೆಂದು; ಡಾಕ್ಟರಿಗೆ ನಾನು ರಿಪೋರ್ಟ್ ತೋರಿಸಿರಲೇ ಇಲ್ಲ. ನೀವು ನನ್ನ ತಲೆ ಸವರಿ ಹೈದರಾಬಾದಿನ ಬಸ್ಸು ಹತ್ತಿದಿರಿ.

ಮರುವರ್ಷ ಅಲ್ಲಿಯ ಆಸ್ಪತ್ರೆಯಲ್ಲಿ ಅದೇ ಔಷಧಿ ಕೊಟ್ಟರು. ನಿಮಗೆ ಒಂದು ತುರಿಕೆ ಕೂಡ ಬರಲಿಲ್ಲ. ಗಂಟುಗಳು ಮಾತ್ರ ಕಂಡವು — ಒಂದಲ್ಲ, ಕಂಕುಳ ತುಂಬ. ಮತ್ತೆ ಆಪರೇಷನ್, ಕೂದಲು ಉದುರಿಸುವ ಇಂಜೆಕ್ಷನ್ನುಗಳು. ನಿಮ್ಮ ಬಲಗೈ ಅಂದಿನಿಂದ ಬಾತೇ ಇದೆ, ಬಳೆ ಏರುವುದಿಲ್ಲ. ಮೊದಲೇ ಕಂಡಿದ್ದರೆ ಇದರಲ್ಲಿ ಎಷ್ಟು ತಪ್ಪುತ್ತಿತ್ತೋ — ಯಾವ ಡಾಕ್ಟರನ್ನೂ ಕೇಳುವ ಧೈರ್ಯ ನನಗೆ ಬಂದಿಲ್ಲ.

ನೀವು ಮಾತ್ರ ಬಂದವರಿಗೆಲ್ಲ ಹೇಳುತ್ತೀರಿ: “ನಮ್ಮ ಶೈಲಾ ಇದ್ದಳಂತ ನಾ ಉಳದೀನ್ರಿ.” ಆಗ ನಾನು ಎದ್ದು ಒಳಗೆ ಹೋಗುತ್ತೇನೆ.

ಈಗ, ಇಷ್ಟು ವರ್ಷಗಳ ಮೇಲೆ, ನಿಮಗೆ ಬಿಡದ ಕೆಮ್ಮು. ಸೋಮವಾರ ಮತ್ತೆ ಸ್ಕ್ಯಾನ್. ನನ್ನನ್ನೇ ಕರೆದುಕೊಂಡು ಹೋಗುತ್ತೀರಂತೆ. ಅದಕ್ಕೇ ಇದನ್ನೆಲ್ಲ ಬರೆದಿಟ್ಟಿದ್ದೇನೆ. ಭಾನುವಾರ ಊರಿಗೆ ಬಂದು, ನಿಮ್ಮೆದುರು ಕುಳಿತು, ಇದನ್ನು ನಾನೇ ಓದಿ ಹೇಳುತ್ತೇನೆ. ಮರುದಿನ ನಿಮ್ಮ ಜೊತೆ ಯಾರು ಬರಬೇಕೆಂದು ಆಮೇಲೆ ನೀವೇ ಹೇಳಿ.