ಅಡ್ಡಹಲಗೆಯ ಹಿಂಬಾಗಿಲು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪಾಲಿಶ್ ಅಕ್ಕ ಎಂದು. ಗಂಡ ಬಡಗಿ. ಅವನು ಮಾಡಿದ ಕುರ್ಚಿ, ಕಪಾಟು, ಮಂಚಗಳನ್ನು ಉಜ್ಜಿ, ಪಾಲಿಶ್ ಬಳಿದು, ಮುಖ ಕಾಣುವ ಹಾಗೆ ಹೊಳಪು ತರುವುದು ಅವಳ ಕೆಲಸ. ಮನೆಯೊಳಗೆ ಮಾತ್ರ ಇತ್ತೀಚೆಗೆ ಅವಳಿಗೆ ಇನ್ನೊಂದು ಹೆಸರು ಬಿದ್ದಿತ್ತು. ಅತ್ತೆ ಅವಳನ್ನು ಬಾಯ್ತುಂಬ 'ಮನೆಮುರುಕಿ' ಎನ್ನುತ್ತಿದ್ದರು. ಗಾಬರಿಯಾಗಬೇಡಿ! ಆ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುವವರು. 'ಈ ಸಲ ನಮ್ಮ ಜೇನಿನ ಸಂಸಾರವನ್ನ ನಾನೇ ಎರಡು ಮಾಡ್ತೀನಿ' ಎಂದು ಸೊಸೆ ಹೇಳಿದ ದಿನವೇ ಅತ್ತೆ ಆ ಬಿರುದು ಕೊಟ್ಟದ್ದು.

ಎರಡು ಮಾಡದೆ ಗತಿಯಿರಲಿಲ್ಲ. ಕಟ್ಟಡ ಹಲ್ಲಿನ ಡಾಕ್ಟರದು. ಕೆಳಗೆ ಇವರ ಮರಗೆಲಸದ ಅಂಗಡಿ, ಅದರ ಹಿಂದೆ ಇವರದೇ ಎರಡು ಕೋಣೆ, ಮೇಲೆ ಡಾಕ್ಟರ ಕ್ಲಿನಿಕ್ಕು, ಅದರ ಮೇಲೆ ತಾರಸಿ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಅವಳ ಜೇನುಪೆಟ್ಟಿಗೆ. ಹೋದ ವರ್ಷ ಪೆಟ್ಟಿಗೆ ತುಂಬಿ ತುಳುಕಿ, ಹಳೇ ರಾಣಿ ಅರ್ಧ ಬಳಗವನ್ನು ಕಟ್ಟಿಕೊಂಡು ಹೊರಟುಬಿಟ್ಟಳು. ಜೇನು ಪಾಲಾಗುವುದು ಎಂದರೆ ಇದೇ. ಹೊರಟವರು ಊರಾಚೆ ಹೋಗಬಾರದಿತ್ತೇ? ಸೀದಾ ಹೋಗಿ ಡಾಕ್ಟರ ಬೋರ್ಡಿನ ಮೇಲೆ ಕೂತರು. ದವಡೆ ಹಿಡಿದುಕೊಂಡು ಬಂದ ರೋಗಿಗಳೆಲ್ಲ ದವಡೆ ಬಿಟ್ಟು ಕಾಲಿಗೆ ಬುದ್ಧಿ ಹೇಳಿದರು. ಅವತ್ತು ಸಂಜೆ ಡಾಕ್ಟರು ಅಂಗಡಿಗೆ ಬಂದು, "ನೋಡಮ್ಮ, ಇನ್ನೊಂದು ಸಲ ಹೀಗಾದ್ರೆ ಪೆಟ್ಟಿಗೆ ನನ್ನ ತಾರಸಿ ಮೇಲೆ ಇರಕೂಡದು," ಎಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದರು.

ಪೆಟ್ಟಿಗೆ ಹೋದರೆ ಹೋಗಲಿ ಅನ್ನಬಹುದು ನೀವು. ಅವಳ ಹಾಗೆ ದಿನವಿಡೀ ಪಾಲಿಶಿನ ಘಾಟು ಕುಡಿದು ನೋಡಿ, ಆಮೇಲೆ ಮಾತಾಡಿ. ಮಲ್ಲಿಗೆಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯದಷ್ಟು ಅವಳ ಮೂಗು ಸತ್ತುಹೋಗಿತ್ತು. ಸಂಜೆ ಮೇಲೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಬೆಚ್ಚಗಿನ ಮೇಣ, ಜೇನುತುಪ್ಪದ ವಾಸನೆ ಮುಖಕ್ಕೆ ಬಡಿಯುತ್ತದಲ್ಲ, ಅದೊಂದೇ ಅವಳ ಮೂಗಿಗೆ ಇನ್ನೂ ಹತ್ತುತ್ತಿದ್ದದ್ದು. ಅದಿಲ್ಲದೆ ಬದುಕುವುದನ್ನು ನೆನೆಸಿಕೊಂಡರೆ ಅವಳಿಗೆ ಅಳು ಬರುತ್ತಿತ್ತು.

ಈ ವರ್ಷ ಬೀದಿಯ ಮರಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೇ ಹೂಬಿಟ್ಟವು. ಪೆಟ್ಟಿಗೆಯ ಬಾಗಿಲಲ್ಲಿ ಜೇನುನೊಣಗಳು ಗಡ್ಡದ ಹಾಗೆ ಜೋತುಬಿದ್ದವು. ಒಂದು ಸಂಜೆ ತೆಗೆದು ನೋಡುತ್ತಾಳೆ, ಜೇನು ತುಂಬುವ ಮೇಣದ ಎರಿಗಳ ಕೆಳಅಂಚಿನಲ್ಲಿ ಶೇಂಗಾಕಾಯಿಯಂಥ ರಾಣಿಗೂಡುಗಳು! ಹೊಸ ರಾಣಿಯನ್ನು ಸಾಕುತ್ತಿದ್ದಾರೆ ಎಂದರೆ ಹಳೇ ರಾಣಿ ಗಂಟುಮೂಟೆ ಕಟ್ಟುತ್ತಿದ್ದಾಳೆ ಎಂದೇ ಅರ್ಥ. ಆ ಗೂಡುಗಳ ಬಾಯಿಗೆ ಮೇಣ ಮುಚ್ಚುವುದೇ ತಡ, ಅವಳು ಹೊರಟುಬಿಡುತ್ತಾಳೆ. ಎರಡು ಮಾಡುವುದು ನಾಳೆಯೇ ಆಗಬೇಕು, ನಾಡಿದ್ದು ಅಂದರೆ ಕೈಮೀರಿತು.

ಉಪಾಯವೇನೋ ಸರಳ. ಕೆಳಗಿನ ಪೆಟ್ಟಿಗೆಯಲ್ಲಿ ಹಳೇ ರಾಣಿ, ಹಳೇ ಬಾಗಿಲು. ಅದರ ಮೇಲೊಂದು ಅಡ್ಡಹಲಗೆ. ಹಲಗೆಯ ಮೇಲೆ ಇನ್ನೊಂದು ಪೆಟ್ಟಿಗೆ, ಅದರಲ್ಲಿ ರಾಣಿಗೂಡು, ಮರಿಗಳು, ಅವನ್ನು ಸಾಕುವ ಎಳೇ ನೊಣಗಳು. ಕೆಳಗಿನವರಿಗೆ ಜಾಗ ಸಿಕ್ಕಿತು, ಹೊರಡುವ ಹುಚ್ಚು ಇಳಿಯಿತು. ಮೇಲಿನವರಿಗೆ ಹೊಸ ರಾಣಿ ಹುಟ್ಟುತ್ತಾಳೆ. ಅವರು ಓಡಾಡಲು ಹಲಗೆಯ ಅಂಚಿನಲ್ಲೇ ಹಿಂದುಗಡೆಗೆ ಒಂದು ಪುಟ್ಟ ಕಂಡಿ. ಗಂಡ ಹಲಗೆ ಮಾಡಿಕೊಟ್ಟು ವಾರವಾಗಿತ್ತು. ಪಾಲಿಶ್ ಬೇಡ, ನೊಣಗಳಿಗೆ ಆಗುವುದಿಲ್ಲ ಎಂದು ಹೇಳಿ ಹಾಗೇ ಇಡಿಸಿದ್ದಳು. ಕಂಡಿಯನ್ನು ಮಾತ್ರ ಅವನಿಲ್ಲದಾಗ ತಾನೇ ಚಾಕುವಿನಿಂದ ಕೊರೆದು, ಹಲಗೆಯನ್ನು ಅಂಗಡಿಯ ಗೋಡೆಗೆ ಒರಗಿಸಿದ್ದಳು.

ಬೆಳಗ್ಗೆ ಬಿಸಿಲೇರುತ್ತಲೇ ಮುಖಕ್ಕೆ ಬಲೆ ಹಾಕಿಕೊಂಡು, ಹೊಗೆಡಬ್ಬಿ ಹಿಡಿದು ಶುರುಮಾಡಿದಳು. ಒಂದೊಂದೇ ಎರಿ ಎತ್ತಿ ರಾಣಿಯನ್ನು ಹುಡುಕಿದಳು. ಇಲ್ಲ. ಇಲ್ಲ. ಕೊನೆಯ ಎರಿಗೆ ಬರುವ ಹೊತ್ತಿಗೆ ಬೆವರು ಕಣ್ಣಿಗಿಳಿದಿತ್ತು. "ಅಲ್ಲಿದಾಳೆ! ಸಿಕ್ಕಿದಳು ಕಳ್ಳಿ!" ಎಂದು ಒಬ್ಬಳೇ ಕೂಗಿದಳು. ರಾಣಿಯನ್ನು ಕೆಳಗಿಟ್ಟು, ಕೆಳಗಿನ ಎರಿಗಳ ರಾಣಿಗೂಡುಗಳನ್ನೆಲ್ಲ ಕೆರೆದು ತೆಗೆದು, ಗಡಿಬಿಡಿಯಲ್ಲಿ ಹಲಗೆ ಹಾಸಿ, ಮೇಲಿನ ಪೆಟ್ಟಿಗೆ ಕೂರಿಸಿ, ಮುಚ್ಚಳ ಹಾಕಿದಳು. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು, "ಅತ್ತೇ, ಮನೆ ಮುರಿದು ಬಂದೆ!" ಎಂದಳು.

"ಕೈ ತೊಳ್ಕೊಂಡು ಬಾ, ಊಟ ಮಾಡು," ಎಂದರು ಅತ್ತೆ.

ಊಟವಾದ ಮೇಲೆ ಸುಮ್ಮನಿರಲಾರದೆ ಮತ್ತೆ ಮೇಲೆ ಹೋದಳು. ಮೆಟ್ಟಿಲ ತುದಿಯಲ್ಲೇ ಸದ್ದು ಕೇಳಿತು. ಅದು ಮಾಮೂಲಿ ಗುಂಯ್‌ಗುಟ್ಟುವಿಕೆಯಲ್ಲ, ಮೊರೆತ. ಮೇಲಿನ ಪೆಟ್ಟಿಗೆಗೆ ಅಂಗೈ ಇಟ್ಟರೆ ಜ್ವರ ಬಂದ ಮಗುವಿನ ಮೈ. ಹಿಂದೆ ಹೋಗಿ ಕಂಡಿ ನೋಡಿದಳು. ಕಂಡಿಯೇ ಇಲ್ಲ! ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮುಂದೆ ಬಂದು ನೋಡಿದಳು. ನಾಲ್ಕೂ ಕಡೆ ಅಂಚು ನುಣ್ಣಗೆ ಒಂದೇ ಸಮ. ತಾನೇ ಕೊರೆದ ಕಂಡಿ ಎಲ್ಲಿ ಮಾಯವಾಯಿತು?

ಬಿದ್ದಂಬೀಳ ಅಂಗಡಿಗೆ ಓಡಿದಳು. "ರೀ! ಆ ಹಲಗೆ ಅಂಚಲ್ಲಿ ಒಂದು ಕಂಡಿ ಇತ್ತಲ್ಲ?"

ಬಡಗಿಯ ಮುಖ ಅರಳಿತು. "ಅದಾ? ಯಾವನೋ ಕೊರೆದು ಹಾಳು ಮಾಡಿದ್ದ ಕಣೇ. ಇಲಿ ಕಡಿದ ಹಾಗಿತ್ತು. ನನ್ನ ಕೈಯಿಂದ ಅಂಥ ಹಲಗೆ ಹೋಗೋದುಂಟಾ? ಅದೇ ಮರದ್ದೇ ತುಂಡು ಕೂರಿಸಿ, ಅಂಟು ಹಾಕಿ, ಉಜ್ಜಿಬಿಟ್ಟೆ. ಎಲ್ಲಿತ್ತು ಅಂತ ಗೊತ್ತೂ ಆಗಲ್ಲ, ಅಲ್ವಾ?"

"ಅದು ಬಾಗಿಲು ಕಣ್ರೀ! ನಾನೇ ಕೊರೆದಿದ್ದು! ಒಳಗೆ ಉಸಿರು ಕಟ್ಟಿ ಸಾಯ್ತಿದಾವೆ!"

ಅವನ ಕೈಲಿದ್ದ ಉಳಿ ಅಲ್ಲೇ ನಿಂತಿತು. "ಬಾಗಿಲು ಇಷ್ಟು ಸೊಟ್ಟ ಇರುತ್ತಾ?" ಎಂದ ಪಾಪ, ಸಣ್ಣ ದನಿಯಲ್ಲಿ.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದವನೇ," ಹಿಂದಿನ ಕೋಣೆಯಿಂದ ಓಡಿಬಂದ ಅತ್ತೆ ಹಣೆ ಚಚ್ಚಿಕೊಂಡರು. "ಸೊಟ್ಟಗೋ ನೆಟ್ಟಗೋ, ಹೋಗಿ ತೆಗೆಯೋ ಮೊದಲು!"

ಮುಚ್ಚಳ ಎತ್ತುವಂತಿರಲಿಲ್ಲ. ಇನ್ನೂ ಹೊರಗಿನ ಪ್ರಪಂಚ ಕಾಣದ ಎಳೇ ನೊಣಗಳು ಅವು. ಕುದಿಯುತ್ತಿರುವಾಗ ಬಾಯಿ ತೆಗೆದು, ಅವು ಒಂದೇ ಸಲ ಉಕ್ಕಿ ಬಂದು ಕ್ಲಿನಿಕ್ಕಿನ ಕಿಟಕಿಗೆ ನುಗ್ಗಿದರೆ ಮುಗಿದೇ ಹೋಯಿತು. ಕಂಡಿಯನ್ನೇ ತೆರೆಯಬೇಕು. ಕೂರಿಸಿದ ತುಂಡಿನ ಗೆರೆ ಗುರುತಿಸಬಲ್ಲವನು ಅವನೊಬ್ಬನೇ. ಅವನಿಗೋ ಜೇನು ಎಂದರೆ ಜೀವಭಯ, ಪೆಟ್ಟಿಗೆ ಬಂದಂದಿನಿಂದ ತಾರಸಿಗೆ ಕಾಲಿಟ್ಟವನಲ್ಲ. ಅವತ್ತು ಉಳಿ ಹಿಡಿದು ಹತ್ತಿದ. ಇದ್ದ ಒಂದೇ ಬಲೆಯನ್ನು ಅವಳು ಅವನ ತಲೆಗೆ ಹಾಕಿದಳು. ತಾನು ಬರಿಮುಖದಲ್ಲಿ ಹೊಗೆಡಬ್ಬಿ ಹಿಡಿದು ನಿಂತಳು.

ಬೆರಳಿನಿಂದ ಅಂಚನ್ನು ಸವರಿದ. ಸಿಗಲಿಲ್ಲ. ಇನ್ನೊಂದು ಸಲ ಸವರಿದ. ಎಂಥ ಫಜೀತಿ ನೋಡಿ, ತನ್ನ ಕೈಕೆಲಸ ತನಗೇ ಸಿಗಲೊಲ್ಲದು! "ಇಷ್ಟು ಚೆನ್ನಾಗಿ ಯಾಕೆ ಮಾಡಿದ್ನೋ ಶನಿ," ಎಂದು ತನ್ನನ್ನೇ ಬೈದುಕೊಂಡ. ಒಳಗಿನ ಮೊರೆತ ಏರುತ್ತಲೇ ಇತ್ತು. ಕೊನೆಗೆ ಮಂಡಿಯೂರಿ, ಬಲೆಯನ್ನು ಪೆಟ್ಟಿಗೆಗೇ ಒತ್ತಿ, ಮರದ ಗೆರೆ ಎಲ್ಲಿ ಕೂದಲೆಳೆಯಷ್ಟು ತಪ್ಪಿದೆ ಎಂದು ನೋಡಿದ. "ಸಿಕ್ತು!" ಸುತ್ತಿಗೆ ಬಡಿದರೆ ನೊಣಗಳು ಕೆರಳುತ್ತವೆ. ಉಳಿಯನ್ನು ಅಂಗೈಯಿಂದಲೇ ಅದುಮಿದ. ತುಂಡು ಟಕ್ಕೆಂದು ಎದ್ದಿತು.

ಒಂದು ನೊಣ ಬಂತು. ಆಮೇಲೆ ಹತ್ತು. ಆಮೇಲೆ ಲೆಕ್ಕವಿಲ್ಲ, ಹಾಲು ಉಕ್ಕಿದ ಹಾಗೆ ಬಂದವು. ಪೆಟ್ಟಿಗೆಯ ಹಿಂಬದಿ, ಟ್ಯಾಂಕಿನ ಗೋಡೆ, ಬಡಗಿಯ ತೋಳು ಎಲ್ಲ ನೊಣವೋ ನೊಣ. ಎದ್ದವನು ಕಂಬದ ಹಾಗೆ ನಿಂತಿದ್ದ. ಮಣಿಕಟ್ಟಿಗೆ ಒಂದು ಕುಟುಕಿದಾಗ, "ಅಮ್ಮಾ!" ಎಂದನೇ ಹೊರತು ಕೈ ಅಲ್ಲಾಡಿಸಲಿಲ್ಲ.

ಸರಿಯಾಗಿ ಆ ಹೊತ್ತಿಗೇ ಬಂದರು ಡಾಕ್ಟರು. ಗಲಾಟೆ ಕೇಳಿ ಮೆಟ್ಟಿಲು ಹತ್ತಿ ಬಂದಿದ್ದರು. "ಏನಮ್ಮ, ಮತ್ತೆ ಶುರುವಾಯ್ತಾ?"

"ಇಲ್ಲ ಡಾಕ್ಟ್ರೇ, ಸೆಕೆಗೆ ಹೊರಗೆ ಬಂದಿದಾವೆ ಅಷ್ಟೇ. ಎಲ್ಲೂ ಹೋಗಲ್ಲ. ಒಂದು ಗಳಿಗೆ ನಿಲ್ಲಿ." ಹೇಳಿದ್ದೇನೋ ಧೈರ್ಯವಾಗಿ. ಒಳಗೊಳಗೆ ಅವಳ ಜೀವ ಪುಕಪುಕ ಅನ್ನುತ್ತಿತ್ತು.

ಕಂಡಿಯ ಬಾಯಲ್ಲಿ ಕೆಲವು ನೊಣಗಳು ಬಾಲ ಮೇಲೆತ್ತಿ ನಿಂತು ರೆಕ್ಕೆ ಬೀಸತೊಡಗಿದವು, ಬನ್ನಿ ಮನೆ ಇಲ್ಲೇ ಇದೆ ಎಂದು ಕರೆಯುವಂತೆ. ಗೋಡೆಯ ಮೇಲಿನವು ತಿರುಗಿದವು. ಒಂದರ ಹಿಂದೊಂದು ನಡೆದುಕೊಂಡೇ ಒಳಗೆ ಹೋಗತೊಡಗಿದವು. ಡಾಕ್ಟರು ಬಾಗಿ ನೋಡಿದವರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ನಡ್ಕೊಂಡು ಹೋಗ್ತಿದಾವಲ್ಲಮ್ಮ!" ಎಂದವರೇ ಥಟ್ಟನೆ ಎದ್ದರು. "ಅಯ್ಯಯ್ಯೋ, ಕೆಳಗೆ ಒಬ್ಬರು ಬಾಯಿ ತೆರ್ಕೊಂಡು ಕೂತಿದಾರೆ!"

ಅವತ್ತೇನೋ ಗೆದ್ದಂತಾಯಿತು. ಆದರೆ ಸಂಜೆ ತಂಪಾದ ಮೇಲೆ ಮುಚ್ಚಳ ತೆಗೆದಾಗ ಅವಳ ಸಂತೋಷ ಇಳಿದುಹೋಯಿತು. ಕಾವಿಗೆ ಎರಿ ಕುಸಿದು ರಾಣಿಗೂಡುಗಳು ನಜ್ಜುಗುಜ್ಜಾಗಿದ್ದವು. ಮೂಲೆಯಲ್ಲಿ ಒಂದೇ ಒಂದು ನೆಟ್ಟಗಿತ್ತು. ಅದರೊಳಗಿನ ಜೀವ ಬೆಂದಿದೆಯೋ ಉಳಿದಿದೆಯೋ ಯಾರು ಬಲ್ಲರು? ರಾಣಿ ಹುಟ್ಟದಿದ್ದರೆ ಎರಡನ್ನೂ ಮತ್ತೆ ಒಂದು ಮಾಡಬೇಕು. ಒಂದು ಮಾಡಿದರೆ ಮತ್ತೆ ಇಕ್ಕಟ್ಟು, ಮತ್ತೆ ಪಾಲು, ಮತ್ತೆ ಡಾಕ್ಟರ ಬೋರ್ಡು.

ಬಡಗಿಗೆ ಅನ್ನ ಸೇರಲಿಲ್ಲ. "ನನ್ನಿಂದ ಆಗಿದ್ದು," ಎನ್ನುವನು. ದಿನಾ ಮಧ್ಯಾಹ್ನ ಚಹಾದ ಲೋಟ ಹಿಡಿದು ತಾರಸಿಗೆ ಹೋಗಿ, ಮೊದಲು ಮೆಟ್ಟಿಲ ಬಾಗಿಲ ಬಳಿ, ಆಮೇಲೆ ಟ್ಯಾಂಕಿನ ಬಳಿ, ಆಮೇಲೆ ಪೆಟ್ಟಿಗೆಯ ಮಗ್ಗುಲಲ್ಲೇ ಕೂರತೊಡಗಿದ. ಉಳಿದ ಗೂಡಿನ ತುದಿ ದುಂಡಗೆ ತೆರೆದುಕೊಂಡು ರಾಣಿ ಹೊರಬಂದದ್ದು ತಿಳಿದಾಗ ಇಬ್ಬರೂ ಕುಣಿದರು. ಆದರೆ ಹುಟ್ಟಿದರೆ ಸಾಲದಲ್ಲ. ಅವಳು ಹೊರಗೆ ಹಾರಿ, ಗಂಡುನೊಣಗಳೊಂದಿಗೆ ಕೂಡಿ, ಹಕ್ಕಿಯ ಬಾಯಿಗೆ ಸಿಗದೆ ಮನೆಗೆ ಬಂದು ಮೊಟ್ಟೆ ಇಡಬೇಕು. ಮೊಟ್ಟೆ ಕಂಡರೇ ಸಂಸಾರ ನಿಂತಂತೆ.

ಕೆಲವು ವಾರ ಕಳೆದು, ಪೂರ್ತಿ ಬಿಸಿಲಿದ್ದ ಒಂದು ಬೆಳಗ್ಗೆ ಪೆಟ್ಟಿಗೆ ತೆಗೆದರು. ಅವಳು ಎರಿಗಳನ್ನು ಬಿಸಿಲಿಗೆ ಹಿಡಿದು ಹಿಡಿದು ನೋಡಿದಳು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. "ಇಲ್ಲ ಕಣ್ರೀ. ಮುಗೀತು," ಎಂದಳು.

"ಕೊಡಿಲ್ಲಿ," ಎಂದ ಬಡಗಿ. ಬಲೆ ಇಲ್ಲ, ಏನಿಲ್ಲ, ಬರಿಗೈಯಲ್ಲಿ ಎರಿ ಹಿಡಿದ. ಸೂಕ್ಷ್ಮ ಕೆಲಸಕ್ಕೆ ಹಾಕುವ ಕನ್ನಡಕವನ್ನು ಮೂಗಿಗೇರಿಸಿದ. ಬಹಳ ಹೊತ್ತು ನೋಡಿದ. "ಲೇ, ಈ ಕುಳಿಗಳ ತಳದಲ್ಲಿ ಬಿಳೀ ದಾರದ ಚೂರು ನಿಂತ ಹಾಗಿದೆಯಲ್ಲ, ಇದೇನು? ಒಂದೊಂದರಲ್ಲೂ ಒಂದೊಂದು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. "ಮೊಟ್ಟೆ! ಮೊಟ್ಟೆ ಕಣ್ರೀ ಅದು!"

"ಅಮ್ಮಾ!" ಅವನು ತಾರಸಿಯ ಅಂಚಿಗೆ ತಿರುಗಿ ಬೀದಿಗೆಲ್ಲ ಕೇಳುವಂತೆ ಕೂಗಿದ. "ಅಮ್ಮಾ, ಮೊಟ್ಟೆ ಇಟ್ಟಿದಾಳೆ!"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಎರಿಯನ್ನು ಮತ್ತೆ ಒಳಗಿಡಬೇಕು, ಎಳೇ ಮೊಟ್ಟೆ ಬಿಸಿಲಿಗೆ ಒಣಗುತ್ತದೆ ಎಂದು ಕೈಚಾಚಿದಳು. ಅವನು ಕೊಡಲಿಲ್ಲ. ಬೆರಳುಗಳ ಮೇಲೆ ನೊಣಗಳು ಓಡಾಡುತ್ತಿದ್ದವು.

"ತಡಿಯೇ," ಎಂದ. "ಇನ್ನೊಂದೇ ಒಂದು ಸಲ ನೋಡ್ತೀನಿ."